ಹಾಕಿ ತಂಡದ ಡಿವಿಷನ್ ನಿರ್ಧರಿಸುವವರು ಯಾರು? ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ತಿಂಗಳ ಅಂಕಣದಲ್ಲಿ ಅಮೆರಿಕದ ಕಾಲೇಜುಗಳ ಹಾಕಿಯ ಬಗ್ಗೆ ಎರಡು ಸಾಲು ಬರೆದದ್ದಕ್ಕೆ ಇಷ್ಟೊಂದು ಪತ್ರಗಳು ಬಂದಾವೆಂದು ನಾನು ಎಣಿಸಿರಲಿಲ್ಲ. ದಾವಣಗೆರೆ, ಚಿತ್ರದುರ್ಗದ ಎಷ್ಟು ಮನೆಗಳ ಮಕ್ಕಳು ಮೊಮ್ಮಕ್ಕಳು ಆ ದೇಶದಲ್ಲಿ ಓದುತ್ತಿದ್ದಾರೆ ಎಂಬುದು ಈ ಕಟ್ಟು ಬಿಚ್ಚಿದಾಗ ತಿಳಿಯಿತು. ಉತ್ತರಗಳಿಗೆ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಲ್ಲಿ ಬರೀ ಹಾಕಿ ಎಂದರೆ ಐಸ್ ಹಾಕಿ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜುಗಡ್ಡೆಯ ಅಂಗಳದಲ್ಲಿ, ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಆರು ಜನ, ಇಪ್ಪತ್ತು ನಿಮಿಷಗಳ ಮೂರು ಅವಧಿ ಆಡುತ್ತಾರೆ. ಅದರಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರಿನ ಬಿಲ್ಲೆ ಇದೆ. ನಿಟುವಳ್ಳಿಯ ಓದುಗರೊಬ್ಬರು ಪತ್ರವನ್ನು ಅಂಚೆಗೆ ಹಾಕದೆ ತಾವೇ ಬಂದು, ಮೊಮ್ಮಗ ಕೊಟ್ಟ ಅಂಥದೊಂದು ಬಿಲ್ಲೆಯನ್ನೂ ನನ್ನ ಮೇಜಿನ ಮೇಲಿಟ್ಟು ಹೋದರು. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ. ನಿಪ್ಪಟ್ಟಿನಷ್ಟು ಅಗಲವಿದ್ದರೂ ಕೈಯಲ್ಲಿ ಹಿಡಿದರೆ ತೂಕದ ಬಟ್ಟಿನಂತೆ ಭಾರ. ಆಟಕ್ಕೆ ಮೊದಲು ಅದನ್ನು ಹೆಪ್ಪುಗಟ್ಟುವಂತೆ ತಣ್ಣಗಾಗಿಸುತ್ತಾರೆ ಎಂದು ಓದಿದ್ದೆನಾದ್ದರಿಂದ, ರಾತ್ರಿಯಿಡೀ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬೆಣ್ಣೆಯ ಡಬ್ಬಿಯ ಪಕ್ಕ ಇಟ್ಟು, ಬೆಳಿಗ್ಗೆ ನೆಲಕ್ಕೆ ಬಿಟ್ಟು ನೋಡಿದೆ. ಹಿಂದಿನ ದಿನ ಮೊಣಕಾಲಿನವರೆಗೆ ಪುಟಿದಿದ್ದ ಬಿಲ್ಲೆ ಈಗ ಟಪ್ಪೆಂದು ಬಿದ್ದು ಅಲ್ಲೇ ಕೂತಿತು. ಅವರ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಮಗಳ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು. ಈಗ ಇಪ್ಪತ್ತು ವರ್ಷ. ಹೈಸ್ಕೂಲು ಮುಗಿಸಿ ಎರಡು ವರ್ಷದಿಂದ ಕಾಲೇಜಿಗೂ ಸೇರದೆ ಜೂನಿಯರ್ ಹಾಕಿ ಎಂದು ಊರೂರು ತಿರುಗುತ್ತಿದ್ದಾನೆ. ಈಗ ಎರಡು ಕಾಲೇಜಿನವರು ಕರೆದಿದ್ದಾರೆ. ಒಂದರಲ್ಲಿ ಹಾಕಿ ಮಾತ್ರ ಮೊದಲನೇ ಡಿವಿಷನ್, ಉಳಿದ ಆಟಗಳೆಲ್ಲ ಮೂರನೆಯದಂತೆ. ಇನ್ನೊಂದರಲ್ಲಿ ಹಾಕಿಯೂ ಮೂರನೆಯದೇ, ಆಟಕ್ಕೆಂದು ಒಂದು ಡಾಲರನ್ನೂ ಕೊಡುವುದಿಲ್ಲವಂತೆ. ಮೊಮ್ಮಗನನ್ನು ಥರ್ಡ್ ಕ್ಲಾಸ್ ಕಾಲೇಜಿಗೆ ಸೇರಿಸುವುದೇ ಎಂದು ಮನೆಯಲ್ಲಿ ಚರ್ಚೆ ನಡೆದಿದೆ.
— ನಿವೃತ್ತ ಶಿಕ್ಷಕರು, ನಿಟುವಳ್ಳಿ, ದಾವಣಗೆರೆ

ಉತ್ತರ: ಮಾನ್ಯರೇ, ಮೂವತ್ತು ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ಬರೆದ ಕೈ ತಮ್ಮದು, ಹಾಗಾಗಿ ಡಿವಿಷನ್ ಎಂದ ಕೂಡಲೇ ತಮಗೆ ಫಸ್ಟ್ ಕ್ಲಾಸ್, ಥರ್ಡ್ ಕ್ಲಾಸ್ ನೆನಪಾದದ್ದು ಸಹಜ. ಅಲ್ಲಿನ ಡಿವಿಷನ್ನಿಗೆ ಆ ಅರ್ಥವಿಲ್ಲ. ವಿಶ್ವವಿದ್ಯಾಲಯಗಳ ನಡುವೆ ಪಂದ್ಯಾವಳಿ ನಡೆಸಲು ನಮ್ಮ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಇಲ್ಲಿ ಮಾಡುವ ಕೆಲಸವನ್ನು ಅಲ್ಲಿ ಎನ್‌ಸಿಎಎ ಎಂಬ ಸಂಸ್ಥೆ ಹೆಚ್ಚು ವಿಸ್ತಾರವಾಗಿ ಮಾಡುತ್ತದೆ. ಅದು 1973ರಲ್ಲಿ ತನ್ನ ಸದಸ್ಯ ಕಾಲೇಜುಗಳನ್ನು ಮೂರು ಡಿವಿಷನ್ನುಗಳಾಗಿ ವಿಂಗಡಿಸಿತು. ಆಟದ ಮೇಲೆ ಎಷ್ಟು ಹಣ ಸುರಿಯಲು ಸಿದ್ಧ, ಎಷ್ಟು ಆಟಗಳನ್ನು ನಡೆಸುತ್ತದೆ, ಆಟಗಾರರಿಗೆ ಆಟದ ಹೆಸರಿನಲ್ಲಿ ಸ್ಕಾಲರ್‌ಶಿಪ್ ಕೊಡುತ್ತದೆಯೇ ಇಲ್ಲವೇ ಎಂಬ ಲೆಕ್ಕದ ಮೇಲೆ ಒಂದು ಕಾಲೇಜು ಯಾವ ಡಿವಿಷನ್ನಿನಲ್ಲಿರಬೇಕೆಂದು ತಾನೇ ಆರಿಸಿಕೊಳ್ಳುತ್ತದೆ. ಮೂರನೇ ಡಿವಿಷನ್ನಿನ ಮುಖ್ಯ ನಿಯಮವೇ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡಬಾರದು ಎಂಬುದು. ಓದಿನ ಅರ್ಹತೆಗೂ ಮನೆಯ ಆದಾಯ ನೋಡಿಯೂ ಕೊಡುವ ನೆರವು ಅಲ್ಲಿಯೂ ಉಂಟು, ಕೆಲವೊಮ್ಮೆ ಅದು ದೊಡ್ಡ ಮೊತ್ತವೇ ಆಗಿರುತ್ತದೆ. 1995ರಿಂದ 1999ರವರೆಗೆ ಸತತ ಐದು ವರ್ಷ ಮೂರನೇ ಡಿವಿಷನ್ ಹಾಕಿ ಪ್ರಶಸ್ತಿ ಗೆದ್ದ ಮಿಡಲ್‌ಬರಿ, ಓದಿನಲ್ಲಿ ಪ್ರವೇಶ ಸಿಗುವುದೇ ಕಷ್ಟವೆನಿಸಿಕೊಂಡ ಕಾಲೇಜು. ಅದನ್ನು ಥರ್ಡ್ ಕ್ಲಾಸ್ ಎಂದು ಅಲ್ಲಿ ಯಾರ ಮುಂದಾದರೂ ಹೇಳಿದರೆ ನಕ್ಕಾರು.

ಒಂದೇ ಕಾಲೇಜಿನಲ್ಲಿ ಹಾಕಿ ಮೊದಲನೆಯದು, ಉಳಿದದ್ದು ಮೂರನೆಯದು ಹೇಗೆ ಎಂಬುದಕ್ಕೆ ಉತ್ತರ ಚರಿತ್ರೆಯಲ್ಲಿದೆ. ಕಡುಚಳಿಯ ಉತ್ತರದ ಊರುಗಳಲ್ಲಿ, ಡಿವಿಷನ್ನುಗಳು ಹುಟ್ಟುವ ಮೊದಲೇ, ಸಣ್ಣ ಕಾಲೇಜುಗಳು ದೊಡ್ಡ ವಿಶ್ವವಿದ್ಯಾಲಯಗಳಿಗೆ ಸಮನಾಗಿ ಹಾಕಿ ಆಡುತ್ತಿದ್ದವು. ಕೊಲರಾಡೊ ಕಾಲೇಜು 1950 ಮತ್ತು 1957ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತ್ತು. ಆರ್‌ಪಿಐ ಎಂದು ಕರೆಯುವ ರೆನ್ಸೆಲೇರ್ ತಾಂತ್ರಿಕ ಸಂಸ್ಥೆ 1954ರಲ್ಲಿ ಗೆದ್ದು, 1985ರಲ್ಲಿ ಮತ್ತೆ ಗೆದ್ದಿತು. ಇಂಥ ಕಾಲೇಜುಗಳು ಉಳಿದ ಆಟಗಳಿಗೆ ಮೂರನೇ ಡಿವಿಷನ್ ಸೇರಿದರೂ ಹಾಕಿಯನ್ನು ಮೇಲೆಯೇ ಉಳಿಸಿಕೊಂಡವು. 2004ರಲ್ಲಿ, ಹಾಗೆ ಮೇಲೆ ಆಡುವ ಆಟಕ್ಕೆ ಸ್ಕಾಲರ್‌ಶಿಪ್ ಕೊಡಬಹುದೆಂಬ ವಿನಾಯಿತಿಯನ್ನು ಕಿತ್ತುಹಾಕುವ ಪ್ರಸ್ತಾಪ ಬಂದಾಗ ಸದಸ್ಯರು ಮತ ಹಾಕಿ ಹಳೆಯ ಕೆಲವು ಕಾಲೇಜುಗಳ ಸ್ಕಾಲರ್‌ಶಿಪ್ಪನ್ನು ಉಳಿಸಿಕೊಟ್ಟರು. ತಡವಾಗಿ, 1991ರಲ್ಲಿ ಮೊದಲನೇ ಡಿವಿಷನ್ನಿಗೆ ಬಂದ ಯೂನಿಯನ್ ಕಾಲೇಜಿಗೆ ಆ ಭಾಗ್ಯ ಸಿಗಲಿಲ್ಲ. ನ್ಯೂಯಾರ್ಕ್ ರಾಜ್ಯದ ಶೆನೆಕ್ಟಡಿಯಲ್ಲಿರುವ ಈ ಕಾಲೇಜಿನ ವಿದ್ಯಾರ್ಥಿಗಳು ಸುಮಾರು ಎರಡು ಸಾವಿರ, ಅಂದರೆ ನಮ್ಮ ದಾವಣಗೆರೆಯ ಒಂದು ದೊಡ್ಡ ಪದವಿ ಕಾಲೇಜಿನಷ್ಟು. ಆಟಕ್ಕೆ ಬಿಡಿಗಾಸು ಕೊಡದೆಯೇ ಆ ತಂಡ 2014ರ ಮೊದಲನೇ ಡಿವಿಷನ್ ಫೈನಲ್ಲಿನಲ್ಲಿ, ಐವತ್ತು ಸಾವಿರ ವಿದ್ಯಾರ್ಥಿಗಳ ಮಿನೆಸೋಟ ವಿಶ್ವವಿದ್ಯಾಲಯವನ್ನು 7–4ರಿಂದ ಸೋಲಿಸಿತು. ಸ್ಕಾಲರ್‌ಶಿಪ್ ಕೊಡಲು ಅದಕ್ಕೆ ಅನುಮತಿ ಸಿಕ್ಕಿದ್ದು 2022ರಲ್ಲಿ, ಗೆದ್ದು ಎಂಟು ವರ್ಷವಾದ ಮೇಲೆ. ಇದನ್ನು ನಾನು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹೇಳುವಾಗ ಪ್ರತಿ ಸಲವೂ ಅಂಕೆಗಳನ್ನು ಇನ್ನೊಮ್ಮೆ ಹೇಳಿ ಎನ್ನುತ್ತಾರೆ.

ಇನ್ನು ಎರಡು ವರ್ಷ ಕಾಲೇಜಿಗೆ ಸೇರದೆ ಆಡಿದ್ದಕ್ಕೆ ಮೊಮ್ಮಗನನ್ನು ದೂರಬೇಡಿ. ಐಸ್ ಹಾಕಿಯಲ್ಲಿ ಅದೇ ರೂಢಿ. ಇಪ್ಪತ್ತು, ಇಪ್ಪತ್ತೊಂದು ವರ್ಷಕ್ಕೆ ಕಾಲೇಜಿನ ಮೊದಲ ವರ್ಷ ಸೇರುವವರೇ ಹೆಚ್ಚು. ಆದರೆ ಈಗ ಪೈಪೋಟಿ ಬೆಳೆದಿದೆ. ಕೆನಡಾದ ಮೇಜರ್ ಜೂನಿಯರ್ ಎಂಬ, ಹದಿಹರೆಯದವರ ಮೇಲ್ಮಟ್ಟದ ಲೀಗುಗಳಲ್ಲಿ ಆಡಿದವರಿಗೆ ಮೊದಲನೇ ಡಿವಿಷನ್ ಬಾಗಿಲು ಹಿಂದೆ ಮುಚ್ಚಿತ್ತು, 2025ರ ಆಗಸ್ಟ್ 1ರಿಂದ ತೆರೆದಿದೆ. ಹಾಗಾಗಿ ಕೋಚ್ ಇಂದು ಕೊಟ್ಟ ಮಾತಿನ ಮೇಲೆ ನಾಳೆ ಇನ್ನೊಬ್ಬ ಬಂದು ಕೂರಬಹುದು. ತಾವು ಮಗಳ ಮೂಲಕ ಕೇಳಿಸಬೇಕಾದ ಪ್ರಶ್ನೆಗಳು ಇವು: ತಂಡದಲ್ಲಿ ಒಟ್ಟು ಎಷ್ಟು ಹುಡುಗರು, ಇವನು ಆಡುವ ಜಾಗಕ್ಕೆ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಅವರಲ್ಲಿ ಎಷ್ಟು ಮಂದಿ ಈ ವರ್ಷ ಹೊರಡುತ್ತಾರೆ. ಸ್ಕಾಲರ್‌ಶಿಪ್ ಎಂದರೆ ಪೂರ್ತಿಯೋ ಪಾಲೋ ಎಂಬುದನ್ನೂ ಬರಹದಲ್ಲಿ ಪಡೆಯಿರಿ. ಮೊದಲನೇ ಡಿವಿಷನ್ನಿನ ಒಂದು ಪುರುಷರ ಹಾಕಿ ತಂಡಕ್ಕೆ ಬಹುಕಾಲ 18 ಸ್ಕಾಲರ್‌ಶಿಪ್ಪುಗಳ ಮಿತಿ ಇತ್ತು, ಅದನ್ನು ಇಪ್ಪತ್ತೈದಕ್ಕೂ ಹೆಚ್ಚು ಹುಡುಗರಿಗೆ ಹಂಚುತ್ತಿದ್ದರು. ಅರ್ಧ, ಕಾಲು ಎಂದು ಸಿಕ್ಕವರೂ ಮನೆಯಲ್ಲಿ ಸ್ಕಾಲರ್‌ಶಿಪ್ ಸಿಕ್ಕಿತು ಎಂದೇ ಹೇಳುತ್ತಾರೆ. ಮೂರನೇ ಡಿವಿಷನ್ನಿನಲ್ಲಿ ವಾರವಾರವೂ ಆಡುವುದು, ಮೊದಲನೆಯದರಲ್ಲಿ ನಾಲ್ಕು ವರ್ಷ ಬೆಂಚಿನಲ್ಲಿ ಕೂರುವುದು, ಇವೆರಡರ ನಡುವೆ ಆಯ್ಕೆ ಬಂದರೆ ನಾನು ವಾರವಾರವೂ ಆಡುವುದನ್ನೇ ಹೇಳುತ್ತೇನೆ. ಆದರೆ ಆಡುವವನು ಅವನು. ಅವನನ್ನು ಒಮ್ಮೆ ಕೇಳಿ.

ಪ್ರಶ್ನೆ: ಹಾಕಿ ಇಂಡಿಯಾ ಸಂಸ್ಥೆಯು ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನಲ್ಲಿ ಎ, ಬಿ, ಸಿ ಎಂದು ಡಿವಿಷನ್ ಮಾಡಿ, ಗೆದ್ದವರು ಮೇಲೆ, ಸೋತವರು ಕೆಳಗೆ ಎಂಬ ಕ್ರಮ ತಂದಿದೆ. ಅಮೆರಿಕದ ಕಾಲೇಜುಗಳಲ್ಲಿಯೂ ಹೀಗೆಯೇ ಗೆದ್ದು ಮೇಲೇರುತ್ತಾರೆಯೇ?
— ದೈಹಿಕ ಶಿಕ್ಷಕರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಇಲ್ಲ. ತಾವು ಹೇಳಿದ ಕ್ರಮವನ್ನು ಹಾಕಿ ಇಂಡಿಯಾ 2025ರಲ್ಲಿ ಜಾರಿಗೆ ತಂದಿತು: ಎ ಡಿವಿಷನ್ನಿನ ಕೊನೆಯ ಎರಡು ತಂಡ ಬಿಗೆ ಇಳಿಯುತ್ತವೆ, ಬಿಯ ಮೇಲಿನ ಎರಡು ಎಗೆ ಏರುತ್ತವೆ. ಅದು ಮೈದಾನದಲ್ಲಿ ತೀರ್ಮಾನವಾಗುವ ವಿಷಯ. ಅಮೆರಿಕದ ಕಾಲೇಜು ಹಾಕಿಯಲ್ಲಿ ಮೂರನೇ ಡಿವಿಷನ್ನನ್ನು ಹತ್ತು ವರ್ಷ ಗೆದ್ದರೂ ಯಾರೂ ಮೇಲಕ್ಕೆ ಕರೆಯುವುದಿಲ್ಲ. ಮೊದಲನೆಯದರಲ್ಲಿ ಹತ್ತು ವರ್ಷ ಸೋತರೂ ಯಾರೂ ಕೆಳಗಿಳಿಸುವುದಿಲ್ಲ. ಹೋಬರ್ಟ್ ಎಂಬ ಕಾಲೇಜು 2023, 2024, 2025 ಮೂರೂ ವರ್ಷ ಮೂರನೇ ಡಿವಿಷನ್ ಹಾಕಿ ಪ್ರಶಸ್ತಿ ಗೆದ್ದು ಅಲ್ಲಿಯೇ ಇದೆ. ಸ್ವಾರಸ್ಯವೆಂದರೆ ಅದೇ ಕಾಲೇಜಿನ, ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಲಕ್ರೋಸ್ ತಂಡ 1995ರಿಂದ ಮೊದಲನೇ ಡಿವಿಷನ್ನಿನಲ್ಲಿ ಆಡುತ್ತಿದೆ.

ಏರುವ ನಿರ್ಧಾರ ಆಡಳಿತ ಮಂಡಳಿಯ ಕೋಣೆಯಲ್ಲಿ ಆಗುತ್ತದೆ. ಮೊದಲು ಹಣ, ಆಮೇಲೆ ಅಂಗಳ, ಆಮೇಲೆ ನೆರೆಹೊರೆ. ಹಣದ ಬಲದಿಂದ ಏರಿದ್ದಕ್ಕೆ ಪೆನ್ ಸ್ಟೇಟ್ ಎದ್ದು ಕಾಣುವ ಉದಾಹರಣೆ: ಅಲ್ಲಿ ಹಾಕಿ ದಶಕಗಳ ಕಾಲ ವಿದ್ಯಾರ್ಥಿಗಳೇ ನಡೆಸುವ ಕ್ಲಬ್ಬಿನ ಆಟವಾಗಿತ್ತು, ಟೆರ್ರಿ ಪೆಗುಲಾ ಎಂಬ ಹಳೆಯ ವಿದ್ಯಾರ್ಥಿ 2010ರಲ್ಲಿ 88 ಮಿಲಿಯನ್ ಡಾಲರ್ ದಾನ ಕೊಟ್ಟರು, 2012ರಲ್ಲಿ ತಂಡ ಮೊದಲನೇ ಡಿವಿಷನ್ನಿಗೆ ಬಂತು. ಅದು ದೊಡ್ಡವರ ಕಥೆ. ಸಣ್ಣ ಕಾಲೇಜುಗಳ ದಾರಿ ನಿಧಾನದ್ದು. ಕನೆಕ್ಟಿಕಟ್‌ನ ಕ್ವಿನಿಪಿಯಾಕ್ 1998ರಲ್ಲಿ ಎರಡನೇ ಡಿವಿಷನ್ನಿನಿಂದ ಮೊದಲನೆಯದಕ್ಕೆ ಬಂದು, ಕಾಲು ಶತಮಾನ ಕಾದು, 2023ರ ಫೈನಲ್ಲಿನಲ್ಲಿ ಹೆಚ್ಚುವರಿ ಅವಧಿಯಲ್ಲಿ 3–2ರಿಂದ ಗೆದ್ದಿತು. ಎದುರಿಗಿದ್ದದ್ದು ಅದೇ ಮಿನೆಸೋಟ; ಸಣ್ಣವರ ಕೈಯಲ್ಲಿ ಸೋಲುವುದು ಆ ವಿಶ್ವವಿದ್ಯಾಲಯದ ಹಣೆಬರಹವೋ ಏನೋ. ರಾಚೆಸ್ಟರ್‌ನ ಆರ್‌ಐಟಿ ಎಂಬ ತಾಂತ್ರಿಕ ಸಂಸ್ಥೆ ಮಾತ್ರ ಅವಸರದಲ್ಲಿತ್ತು. 2005ರಲ್ಲಿ ಹಾಕಿಯನ್ನು ಮೊದಲನೇ ಡಿವಿಷನ್ನಿಗೆ ಏರಿಸಿ, 2010ರಲ್ಲಿ ದೇಶದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಸೆಮಿಫೈನಲ್ಲಿನಲ್ಲಿ ವಿಸ್ಕಾನ್ಸಿನ್ ವಿರುದ್ಧ 8–1ರಿಂದ ಸೋತದ್ದನ್ನೂ ಹೇಳಲೇಬೇಕು. ಐದು ವರ್ಷದಲ್ಲಿ ಅಲ್ಲಿಯವರೆಗೆ ತಲುಪಬಹುದು, ಅಲ್ಲಿಂದ ಮುಂದಿನ ಒಂದು ಮೆಟ್ಟಿಲಿಗೆ ಇನ್ನೂ ಎಷ್ಟು ಬೇಕು ಎಂಬುದು ಆ ಅಂಕೆಯಲ್ಲಿ ಕಾಣುತ್ತದೆ.

ತೀರಾ ಹೆಚ್ಚು ಗೆದ್ದದ್ದರಿಂದಲೇ ಕಾಲೇಜೊಂದು ಮೇಲೇರಬೇಕಾಗಿ ಬಂದದ್ದೂ ಉಂಟು, ಆದರೆ ಬಡ್ತಿಯ ರೂಪದಲ್ಲಿ ಅಲ್ಲ. ಮಿನೆಸೋಟ ರಾಜ್ಯದ ಸೇಂಟ್ ಥಾಮಸ್ ವಿಶ್ವವಿದ್ಯಾಲಯ ಮೂರನೇ ಡಿವಿಷನ್ನಿನ ತನ್ನ ಲೀಗಿನಲ್ಲಿ ಎಲ್ಲ ಆಟಗಳಲ್ಲೂ ಎಷ್ಟು ಬಲಶಾಲಿಯಾಯಿತೆಂದರೆ, ಲೀಗಿನ ಉಳಿದ ಸದಸ್ಯರು 2019ರಲ್ಲಿ ನೀವು ದಯವಿಟ್ಟು ಹೊರಡಿ ಎಂದರು. ಹೋಗಲು ಜಾಗ ಹುಡುಕಿದ ಅದು ಎನ್‌ಸಿಎಎಯ ವಿಶೇಷ ಅನುಮತಿ ಪಡೆದು 2021ರಲ್ಲಿ ಮೂರರಿಂದ ನೇರವಾಗಿ ಒಂದಕ್ಕೆ ಜಿಗಿಯಿತು. ಹಾಗೆ ಬಂದವರಿಗೆ ಕೆಲವು ವರ್ಷ ರಾಷ್ಟ್ರೀಯ ಪಂದ್ಯಾವಳಿಗೆ ಪ್ರವೇಶವಿಲ್ಲ. ಆ ವರ್ಷಗಳಲ್ಲಿ ಆಡಿ ಹೋದ ಹುಡುಗರು ಸಸಿ ನೆಟ್ಟು ನೀರೆರೆದವರು, ಹಣ್ಣು ತಿಂದವರಲ್ಲ.

ನೆರೆಹೊರೆ ಎಂದೆನಲ್ಲ, ಅದನ್ನು ಜನ ಮರೆಯುತ್ತಾರೆ. ಅಲಬಾಮ ರಾಜ್ಯದ ಹಂಟ್ಸ್‌ವಿಲ್ ಕಾಲೇಜು 1996 ಮತ್ತು 1998ರಲ್ಲಿ ಎರಡನೇ ಡಿವಿಷನ್ ಗೆದ್ದು ಮೇಲೇರಿತು. 2007ರಲ್ಲಿಯೂ 2010ರಲ್ಲಿಯೂ ಮೊದಲನೇ ಡಿವಿಷನ್ನಿನ ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆ ಪಡೆಯಿತು. ಆದರೆ ಅದು ಹತ್ತಿ ಬೆಳೆಯುವ ದಕ್ಷಿಣದ ಸೀಮೆ. ಸುತ್ತಮುತ್ತ ಆ ಮಟ್ಟದಲ್ಲಿ ಹಾಕಿ ಆಡುವ ಇನ್ನೊಂದು ಕಾಲೇಜಿಲ್ಲ, ಹೊರಗಿನ ಪಂದ್ಯಗಳಿಗೆಲ್ಲ ದೂರದ ಪ್ರಯಾಣ. ತಾನಿದ್ದ ಲೀಗು ಮುರಿದುಬಿದ್ದಾಗ ಯಾವ ಲೀಗೂ ಸುಲಭಕ್ಕೆ ಸೇರಿಸಿಕೊಳ್ಳಲಿಲ್ಲ, ಒಂಟಿಯಾಗಿಯೇ ಕೆಲವು ವರ್ಷ ಆಡಿತು. ಕೊನೆಗೆ 2021ರಲ್ಲಿ ತಂಡವನ್ನೇ ಮುಚ್ಚಿದರು. ಚಿತ್ರದುರ್ಗದ ತಂಡವೊಂದು ಪ್ರತಿ ಶನಿವಾರ ದಿಲ್ಲಿಗೆ ಹೋಗಿ ಆಡಿ ಬರಬೇಕೆಂದರೆ ಎಷ್ಟು ವರ್ಷ ನಡೆದೀತು, ತಾವೇ ಊಹಿಸಿ.

ಪ್ರಶ್ನೆ: ದೇಶದ ನಂಬರ್ ಒನ್ ತಂಡವನ್ನು ಸೋಲಿಸಿದ್ದ ಕಾಲೇಜೊಂದು ತಾನಾಗಿಯೇ ಮೊದಲನೇ ಡಿವಿಷನ್ ಬಿಟ್ಟು ಕೆಳಗಿಳಿಯಿತು ಎಂದು ಓದಿದೆ. ಇದು ಹುಚ್ಚಲ್ಲವೇ?
— ಬ್ಯಾಂಕ್ ನೌಕರರು, ಹರಿಹರ

ಉತ್ತರ: ತಾವು ಓದಿದ್ದು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ಅಮೆರಿಕನ್ ಇಂಟರ್‌ನ್ಯಾಷನಲ್ ಕಾಲೇಜಿನ ವಿಷಯ. 2019ರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅದು ಅಗ್ರ ಶ್ರೇಯಾಂಕದ ಸೇಂಟ್ ಕ್ಲೌಡ್ ಸ್ಟೇಟ್ ತಂಡವನ್ನು 2–1ರಿಂದ ಸೋಲಿಸಿತ್ತು. 2024ರ ನವೆಂಬರಿನಲ್ಲಿ, ಋತು ನಡೆಯುತ್ತಿರುವಾಗಲೇ, ಮುಂದಿನ ವರ್ಷದಿಂದ ಹಾಕಿಯನ್ನು ಎರಡನೇ ಡಿವಿಷನ್ನಿಗೆ ಇಳಿಸುವುದಾಗಿ ಪ್ರಕಟಿಸಿತು. ತಾವು ಬ್ಯಾಂಕಿನವರು, ಹಾಗಾಗಿ ಲೆಕ್ಕದ ಭಾಷೆಯಲ್ಲಿ ಹೇಳುತ್ತೇನೆ. ಆ ಕಾಲೇಜಿನ ಉಳಿದ ಆಟಗಳೆಲ್ಲ ಮೊದಲಿನಿಂದಲೂ ಎರಡನೇ ಡಿವಿಷನ್ನಿನಲ್ಲಿಯೇ ಇವೆ. ಹಾಕಿ ಒಂದು ಖಾತೆ ಮಾತ್ರ ಬೇರೆ ಬಡ್ಡಿದರದಲ್ಲಿ ನಡೆಯುತ್ತಿತ್ತು. ಈಚೆಗೆ ಆ ದರ ಏರಿತು. ಆಟಗಾರರಿಗೆ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದೆಂಬ ಒಪ್ಪಂದಕ್ಕೆ 2025ರ ಜೂನಿನಲ್ಲಿ ನ್ಯಾಯಾಲಯದ ಮುದ್ರೆ ಬಿತ್ತು. ಅದನ್ನು ಒಪ್ಪಿಕೊಂಡ ಕಾಲೇಜುಗಳಿಗೆ 18 ಸ್ಕಾಲರ್‌ಶಿಪ್ಪುಗಳ ಮಿತಿ ಹೋಗಿ, ತಂಡದಲ್ಲಿ 26 ಜನ, ಬೇಕಾದರೆ ಅಷ್ಟೂ ಜನರಿಗೆ ಪೂರ್ತಿ ಸ್ಕಾಲರ್‌ಶಿಪ್ ಎಂಬ ನಿಯಮ ಬಂತು. ಈ ಗಾಳಿ ಯಾವ ಕಡೆ ಬೀಸುತ್ತಿದೆ ಎಂಬುದು ತೀರ್ಪಿಗೆ ಮೊದಲೇ ಎಲ್ಲರಿಗೂ ಕಾಣುತ್ತಿತ್ತು. ಫುಟ್‌ಬಾಲಿನಿಂದ ಕೋಟಿಗಟ್ಟಲೆ ದುಡಿಯುವ ವಿಶ್ವವಿದ್ಯಾಲಯ 26 ಮಂದಿಯ ಫೀಸು ಭರಿಸಿದರೆ ಅದಕ್ಕೆ ಗೊತ್ತೂ ಆಗದು, ಸಣ್ಣ ಕಾಲೇಜಿಗೆ ಅದು ಬೆನ್ನು ಮುರಿಯುವ ಹೊರೆ.

ಇಳಿದದ್ದನ್ನು ನಾನು ಹುಚ್ಚೆನ್ನುವುದಿಲ್ಲ, ಇಳಿದ ಬಗೆಯ ಬಗ್ಗೆ ಮಾತ್ರ ನನಗೆ ಆಕ್ಷೇಪವಿದೆ. ಋತುವಿನ ಮಧ್ಯೆ ಸುದ್ದಿ ಕೇಳಿದ ಹುಡುಗರು ಅರ್ಧ ಮನಸ್ಸಿನಲ್ಲಿ ಉಳಿದ ಪಂದ್ಯ ಆಡಬೇಕು, ಉಳಿದರ್ಧದಲ್ಲಿ ಬೇರೆ ಕಾಲೇಜು ಹುಡುಕಬೇಕು. ಮುಚ್ಚಿದ್ದಕ್ಕಿಂತ ಇಳಿದದ್ದು ಮೇಲು ಎಂಬುದೂ ನಿಜ. ಪಿಟ್ಸ್‌ಬರ್ಗ್ ಬಳಿಯ ರಾಬರ್ಟ್ ಮಾರಿಸ್ ವಿಶ್ವವಿದ್ಯಾಲಯ 2021ರಲ್ಲಿ ಪುರುಷರ, ಮಹಿಳೆಯರ ಎರಡೂ ಹಾಕಿ ತಂಡಗಳನ್ನು ಒಂದೇ ದಿನ ನಿಲ್ಲಿಸಿತು. ಹಳೆಯ ಆಟಗಾರರೂ ಊರಿನವರೂ ಚಂದಾ ಎತ್ತಿ, ಒತ್ತಾಯ ಮಾಡಿ, 2023ರಲ್ಲಿ ಮತ್ತೆ ಆರಂಭಿಸಿದರು. ಎಲ್ಲ ಊರಿಗೂ ಅಂಥ ಛಲ ಇರುವುದಿಲ್ಲ.

ಪ್ರಶ್ನೆ: ಒಂದು ಮತ್ತು ಮೂರರ ಮಾತೇ ಕೇಳುತ್ತೇವೆ. ನಡುವಿನ ಎರಡನೇ ಡಿವಿಷನ್ ಎಲ್ಲಿ ಹೋಯಿತು?
— ಪದವಿ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಇದೆ, ಆದರೆ ಪುರುಷರ ಹಾಕಿಯಲ್ಲಿ ಅದಕ್ಕೆ ರಾಷ್ಟ್ರೀಯ ಪ್ರಶಸ್ತಿ ಇಲ್ಲ. 1978ರಿಂದ 1984ರವರೆಗೆ, ಮತ್ತೆ 1993ರಿಂದ 1999ರವರೆಗೆ ನಡೆಸಿ, ತಂಡಗಳು ಸಾಲದೆ ಕೈಬಿಟ್ಟರು. ಎರಡನೇ ಡಿವಿಷನ್ನಿನ ಬಹುತೇಕ ಹಾಕಿ ಕಾಲೇಜುಗಳು ಹಾಕಿ ಒಂದನ್ನು ಮೊದಲನೆಯದರಲ್ಲಿ ಆಡುತ್ತವೆ. ಮಿಷಿಗನ್ ರಾಜ್ಯದ ತುತ್ತತುದಿಯ ಲೇಕ್ ಸುಪೀರಿಯರ್ ಸ್ಟೇಟ್ ಹಾಗೆ ಆಡಿಯೇ 1988, 1992, 1994ರಲ್ಲಿ ದೇಶ ಗೆದ್ದಿತು. ಎರಡರಲ್ಲಿಯೇ ಉಳಿದ ಈಶಾನ್ಯದ ಕೆಲವೇ ತಂಡಗಳಿಗೆ ತಮ್ಮ ಲೀಗಿನ ಕಪ್ಪೇ ಕೊನೆಯ ಕಪ್ಪು. ಆದರೆ ಅವುಗಳಲ್ಲಿ ಸೇಂಟ್ ಆನ್ಸೆಲ್ಮ್‌ನಂಥ ಕೆಲವು ಕಾಲೇಜುಗಳ ಹುಡುಗಿಯರ ತಂಡಗಳು ಮೇಲಿನ ಮಟ್ಟದ ರಾಷ್ಟ್ರೀಯ ಪ್ರಶಸ್ತಿಗೆ ಸ್ಪರ್ಧಿಸುವ ಲೀಗಿನಲ್ಲಿವೆ. ಒಂದೇ ಕಾಲೇಜು, ಅಣ್ಣನಿಗೆ ಎರಡನೇ ಡಿವಿಷನ್, ತಂಗಿಗೆ ಮೊದಲನೆಯದು.

ಪ್ರಶ್ನೆ: ನಮ್ಮಲ್ಲಿ ಕಾಲೇಜು ಹಾಕಿಗೆ ಡಿವಿಷನ್ ಏಕಿಲ್ಲ? ನಾವು ಸಣ್ಣ ಕಾಲೇಜಿನವರು ಮೊದಲ ಸುತ್ತಿನಲ್ಲೇ ಹನ್ನೆರಡು, ಹದಿಮೂರು ಗೋಲು ತಿಂದು ಮನೆಗೆ ಬರುತ್ತೇವೆ.
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಮ್ಮ ವ್ಯವಸ್ಥೆ ಬೇರೆ ತಳಹದಿಯ ಮೇಲೆ ನಿಂತಿದೆ. ಇಲ್ಲಿ ಕಾಲೇಜು ಒಂದು ಮೆಟ್ಟಿಲು ಮಾತ್ರ. ಅಂತರ ಕಾಲೇಜು ಪಂದ್ಯಾವಳಿ ನಡೆದು, ಅದರಿಂದ ವಿಶ್ವವಿದ್ಯಾಲಯದ ತಂಡ ಆಯ್ಕೆಯಾಗಿ, ಆ ತಂಡ ದಕ್ಷಿಣ ವಲಯಕ್ಕೆ ಹೋಗುತ್ತದೆ. ಸಣ್ಣ ಕಾಲೇಜಿನ ಒಳ್ಳೆಯ ಆಟಗಾರ ತನ್ನ ತಂಡ ಸೋತರೂ ವಿಶ್ವವಿದ್ಯಾಲಯದ ಬಣ್ಣ ತೊಡಬಹುದು. ಅಮೆರಿಕದ ಹುಡುಗನಿಗೆ ಆ ಬಾಗಿಲು ಇಲ್ಲ. ಇದು ನಮ್ಮ ಕ್ರಮದ ಹಿರಿಮೆ. ಕೊರತೆ ಎಂದರೆ, ದಾವಣಗೆರೆಯ ಒಂದೇ ರಸ್ತೆಯಲ್ಲಿ ಮೂರು ಕಾಲೇಜುಗಳ ಹುಡುಗರು ಹಾಕಿ ಹಿಡಿದರೂ ಪದವಿ ಕಾಲೇಜಿನವನು ದಾವಣಗೆರೆ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗಿನವನು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ವೈದ್ಯಕೀಯದವನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವರು. ಸಂಜೆ ಹೈಸ್ಕೂಲ್ ಮೈದಾನದಲ್ಲಿ ಒಟ್ಟಿಗೆ ಅಭ್ಯಾಸ ಮಾಡುವವರು ಋತು ಬಂದಾಗ ಮೂರು ದಿಕ್ಕಿಗೆ ಬಸ್ಸು ಹತ್ತುತ್ತಾರೆ. ನೀವು ಎದುರಿಸುವ ತಂಡ ಹುಬ್ಬಳ್ಳಿಯದೋ ಬೆಂಗಳೂರಿನದೋ ಆಗಿರುತ್ತದೆ. ಅವರು ದಿನವೂ ಟರ್ಫಿನ ಮೇಲೆ ಆಡಿದವರು, ನೀವು ಮಣ್ಣಿನ ಮೇಲೆ. ಹದಿಮೂರು ಗೋಲಿಗೆ ಅಷ್ಟು ಸಾಕು.

ನಾನು ಸೇವೆಯಲ್ಲಿದ್ದ ಒಂದು ಕಾಲೇಜಿನಲ್ಲಿ ಹಾಕಿಗೆಂದು ಇದ್ದದ್ದು ಒಂದೇ ಜೊತೆ ಗೋಲ್‌ಕೀಪರ್ ಪ್ಯಾಡು. ಹೊಲಿಗೆ ಬಿಟ್ಟು ಹತ್ತಿ ಹೊರಬರುತ್ತಿದ್ದುದರಿಂದ ಗೋಣಿದಾರದಿಂದ ಹೊಲಿದು, ಹುಡುಗರ ಪಂದ್ಯ ಮುಗಿದ ಕೂಡಲೇ ಬಿಚ್ಚಿ, ಬೆವರು ಆರುವ ಮೊದಲೇ ಹುಡುಗಿಯರ ಗೋಲ್‌ಕೀಪರಿಗೆ ಕಟ್ಟುತ್ತಿದ್ದೆವು. ಒಂದು ವರ್ಷ ಹೊರಡುವ ಹಿಂದಿನ ಸಂಜೆ ಪ್ರಯಾಣ ಭತ್ಯೆ ಹನ್ನೊಂದು ಜನರಿಗೆ ಮಾತ್ರ ಎಂದು ಆಡಳಿತದವರು ತಿಳಿಸಿದರು. ಐದು ಮಂದಿ ಬದಲಿ ಆಟಗಾರರ ಮುಖ ನೋಡಲಾಗದೆ ತಂಡವನ್ನೇ ಹಿಂತೆಗೆದುಕೊಂಡೆ. ಸರಿಯೋ ತಪ್ಪೋ ಇಂದಿಗೂ ತಿಳಿಯದು. ಅಂದು ನಮ್ಮದು ಯಾವ ಡಿವಿಷನ್ ಎಂದು ಯಾರಾದರೂ ಕೇಳಿದ್ದರೆ ಬಸ್ ಚಾರ್ಜಿನ ಡಿವಿಷನ್ ಎನ್ನುತ್ತಿದ್ದೆ. ಒಂದೊಂದು ವಿಶ್ವವಿದ್ಯಾಲಯದೊಳಗೆ ಎರಡು ಹಂತ ಮಾಡಿ, ಕೆಳಗಿನ ಹಂತದಲ್ಲಿ ಲೀಗ್ ಮಾದರಿಯಲ್ಲಿ ಪ್ರತಿ ತಂಡಕ್ಕೂ ಕನಿಷ್ಠ ನಾಲ್ಕು ಪಂದ್ಯ ಸಿಗುವಂತೆ ಮಾಡಿದರೆ ನಿಮ್ಮಂಥವರ ಹಾಕಿ ಒಂದು ಮಧ್ಯಾಹ್ನಕ್ಕೆ ಮುಗಿದುಹೋಗುವುದಿಲ್ಲ. ಇದಕ್ಕೆ ಹೆಚ್ಚಿನ ಹಣವೂ ಬೇಡ. ಹತ್ತಿರದ ಕಾಲೇಜುಗಳನ್ನು ಒಂದು ಗುಂಪಿಗೆ ಹಾಕಿದರಾಯಿತು. ನಿಮ್ಮ ದೈಹಿಕ ಶಿಕ್ಷಣ ನಿರ್ದೇಶಕರ ಮೂಲಕ ಲಿಖಿತವಾಗಿ ಕೇಳಿ.

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ, ನಮ್ಮ ಹಾಕಿಯನ್ನೇ ಆಡುತ್ತೇನೆ. ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಅಭ್ಯಾಸ. ಐಸ್ ಬಗ್ಗೆ ಓದಿ ಬೇಸರವಾಯಿತು. ನನ್ನಂಥವರಿಗೆ ಅಮೆರಿಕದ ಕಾಲೇಜುಗಳಲ್ಲಿ ಏನೂ ಇಲ್ಲವೇ ಸರ್?
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಇದೆ, ಮತ್ತು ಹುಡುಗರಿಗಿಂತ ನಿಮಗೇ ಹೆಚ್ಚಿದೆ. ನಮ್ಮ ಹಾಕಿಯನ್ನು ಅಲ್ಲಿ ಫೀಲ್ಡ್ ಹಾಕಿ ಎನ್ನುತ್ತಾರೆ. ಕಾಲೇಜುಗಳಲ್ಲಿ ಅದು ಮಹಿಳೆಯರ ಆಟ. ಪುರುಷರಿಗೆ ಎನ್‌ಸಿಎಎ ಪ್ರಶಸ್ತಿ ಇಲ್ಲ, ಮಹಿಳೆಯರಿಗೆ 1981ರಿಂದ ಇದೆ, ಈಗ ಮೂರೂ ಡಿವಿಷನ್ನುಗಳಲ್ಲಿ. ಮೊದಲನೆಯದರ ತಂಡವೊಂದಕ್ಕೆ 12 ಸ್ಕಾಲರ್‌ಶಿಪ್ಪುಗಳ ಮಿತಿ ಇತ್ತು. ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ಈಗ ಆ ಮಿತಿಯ ಬದಲು ತಂಡಕ್ಕೆ 27 ಜನ ಎಂಬ ಮಿತಿ. ನೆದರ್‌ಲೆಂಡ್ಸ್, ಜರ್ಮನಿ, ಅರ್ಜೆಂಟೀನಾದ ಹುಡುಗಿಯರು ಈ ದಾರಿಯಲ್ಲಿ ಬಹಳ ಮಂದಿ ಹೋಗಿದ್ದಾರೆ.

ನಿಮಗೆ ಒಂದು ಅಡ್ಡಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲನೇ ಡಿವಿಷನ್ನಿನಲ್ಲಿ ನಾಲ್ಕು ಋತು ಆಡಲು ಐದು ವರ್ಷದ ಗಡುವು ಎಂಬುದು ಬಹುಕಾಲದ ನಿಯಮ, ಆ ಗಡುವು ಆರಂಭವಾಗುವುದು ಯಾವುದೇ ದೇಶದಲ್ಲಿ ನೀವು ಪೂರ್ಣಾವಧಿ ಕಾಲೇಜು ಸೇರಿದ ದಿನದಿಂದ. ಚಿತ್ರದುರ್ಗದಲ್ಲಿ ಬಿ.ಎಸ್ಸಿ.ಗೆ ಸೇರಿದ ದಿನವೇ ನಿಮ್ಮ ಗಡಿಯಾರ ಓಡಲು ಶುರುವಾಗಿದೆ. ಎರಡನೇ ಮತ್ತು ಮೂರನೇ ಡಿವಿಷನ್ನುಗಳಲ್ಲಿ ವರ್ಷದ ಬದಲು ನೀವು ಓದಿದ ಸೆಮಿಸ್ಟರುಗಳನ್ನು ಎಣಿಸುತ್ತಾರೆ, ಒಟ್ಟು ಹತ್ತು. ಹಾಗಾಗಿ ನಡುವೆ ಒಂದು ವರ್ಷ ತಯಾರಿಗೆ ಬಿಟ್ಟರೂ ಅಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ನೀವು ಸಣ್ಣ ಕಾಲೇಜುಗಳಿಗೇ ಮೊದಲು ಬರೆಯಿರಿ. ಮೂರನೆಯದರಲ್ಲಿ ಆಟಕ್ಕೆ ಹಣವಿಲ್ಲ, ಆದರೆ ವಿಜ್ಞಾನದ ಅಂಕಗಳಿಗೆ ಸಿಗುವ ನೆರವನ್ನು ಕೇಳಿ ನೋಡಿ. ನಿಮ್ಮಿಂದ ಹಣ ಪಡೆದು ಸೀಟು ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳ ಬಳಿ ಹೋಗಬೇಡಿ. ಕೋಚುಗಳ ಇ-ಮೇಲ್ ವಿಳಾಸ ಆಯಾ ಕಾಲೇಜಿನ ಜಾಲತಾಣದಲ್ಲೇ ಇರುತ್ತದೆ.

ಪತ್ರದ ಜೊತೆ ವಿಡಿಯೊ ಕಳಿಸಬೇಕಾಗುತ್ತದೆ. ಹೊಡೆದ ಗೋಲುಗಳನ್ನಷ್ಟೇ ಕತ್ತರಿಸಿ ಜೋಡಿಸಿ, ಹಿಂದೆ ಸಿನಿಮಾ ಹಾಡು ಹಾಕಿ ಕಳಿಸುವುದು ನಮ್ಮ ಮಕ್ಕಳ ಈಗಿನ ಚಾಳಿ. ಹಾಗೆ ಮಾಡಬೇಡಿ. ಕ್ರೀಡಾಂಗಣದ ಮೆಟ್ಟಿಲುಗಳ ಮೇಲಿನ ಸಾಲಿಗೆ ಗೆಳತಿಯೊಬ್ಬಳನ್ನು ಹತ್ತಿಸಿ, ಒಂದು ಪಂದ್ಯದ ಹದಿನೈದು ನಿಮಿಷದ ಒಂದು ಕ್ವಾರ್ಟರನ್ನು ಎಲ್ಲಿಯೂ ನಿಲ್ಲಿಸದೆ, ಹತ್ತಿರಕ್ಕೆ ಎಳೆಯದೆ, ಪೂರ್ತಿ ಚಿತ್ರೀಕರಿಸಲು ಹೇಳಿ. ನಿಮ್ಮ ಅಂಗಿಯ ಸಂಖ್ಯೆಯನ್ನು ಪತ್ರದಲ್ಲಿ ಬರೆಯಿರಿ. ಚೆಂಡು ನಿಮ್ಮ ಬಳಿ ಇಲ್ಲದಾಗ ನೀವು ಎಲ್ಲಿ ನಿಲ್ಲುತ್ತೀರಿ, ಎತ್ತ ನೋಡುತ್ತೀರಿ ಎಂಬುದನ್ನು ಕೋಚ್ ಅದರಲ್ಲಿ ಹುಡುಕುತ್ತಾರೆ.